ಯಂತ್ರ ಕೇಳದೆ ಬಿಟ್ಟ ಪ್ರಶ್ನೆ

“ಪತ್ತೆ ಹಚ್ಚೋ ಅವ್ವಾರು ಇದ ಮನ್ಯಾಗ ಇರ್ತಾರಂತಲ್ರಿ?”

ಬಾಗಿಲಲ್ಲಿ ನಿಂತ ಹುಡುಗಿಯ ಕಣ್ಣು ಅತ್ತು ಅತ್ತು ಬಾತಿದ್ದವು. ನಾನು ಒಬ್ಬನೇ ಕುಳಿತು ಮಂಡಕ್ಕಿ ಮುಕ್ಕುತ್ತಿದ್ದೆ. ಎರಡು ಸಾವಿರದ ಮೂರನೆಯ ಇಸವಿ, ದಸರೆ ಕಳೆದು ಸ್ವಲ್ಪ ದಿನವಾಗಿತ್ತು.

“ಇರ್ತಾರವ್ವ, ಮ್ಯಾಲಿನ ಮನ್ಯಾಗ. ಆದ್ರ ಅವರ ಮುಂದ ಪತ್ತೇದಾರಿ ಅನ್ನಬ್ಯಾಡ, ಸಿಡಿತಾರ” ಎಂದೆ.

ನಾನು ಮಾಲತೇಶಪ್ಪ. ಹಾವೇರಿ ಬಸ್ ನಿಲ್ದಾಣದ ನಿಯಂತ್ರಕನಾಗಿ, ಯಾವ ಬಸ್ಸು ಯಾವ ಊರಿಗೆ ಎಂದು ಆಯುಷ್ಯವೆಲ್ಲ ಮೈಕಿನಲ್ಲಿ ಕೂಗಿ ನಿವೃತ್ತನಾದವನು. ಇಡೀ ಜಿಲ್ಲೆಯ ಜನರನ್ನು ಅವರವರ ಊರಿಗೆ ಕಳಿಸಿದ ನನಗೆ ಹೋಗಬೇಕಾದ ಊರು ಒಂದೂ ಇರಲಿಲ್ಲ. ಹೆಂಡತಿ ತೀರಿಕೊಂಡ ಮೇಲೆ ಮನೆಯಲ್ಲಿ ಸದ್ದಾಗಲಿ ಎಂದೇ ಮಹಡಿಯನ್ನು ಬಾಡಿಗೆಗೆ ಕೊಟ್ಟೆ. ಬಂದವರು ನೀಲಗಂಗವ್ವ, ನಡೆದರೆ ನೆಲಕ್ಕೂ ಗೊತ್ತಾಗದ ಹೆಂಗಸು. ನನ್ನ ಹಣೆಬರಹ!

ಅವರು ಬೆಂಗಳೂರಿನ ಜನಗಣತಿ ಕಚೇರಿಯಲ್ಲಿ ಮೇನ್‌ಫ್ರೇಮ್ ಎಂಬ ಬೀರುವಿನಂಥ ಕಂಪ್ಯೂಟರಿನ ಮುಂದೆ ಲಕ್ಷಾಂತರ ಜನರನ್ನು ಎಣಿಸಿ ಬಂದವರು. ಮದುವೆಯಾಗಿರಲಿಲ್ಲ. ಊರಿಗೆ ಮರಳಿದ ಮೇಲೆ ಗುತ್ತಲದ ಒಬ್ಬ ಸೊಸೆಯ ಮೇಲೆ ಬಂದ ಕಳವಿನ ಆರೋಪ ಬಿಡಿಸಿದರು. ಅಲ್ಲಿಂದ ಜನ ಹುಡುಕಿಕೊಂಡು ಬರತೊಡಗಿದರು. ಯಾರು ಬಂದರೂ ಚಹಾದ ನೆಪ ಮಾಡಿಕೊಂಡು ನಾನೂ ಮೇಲೆ ಹೋಗಿ ಕುಳಿತುಬಿಡುತ್ತಿದ್ದೆ. ಎದ್ದು ಹೋಗು ಎಂದು ಅವರು ಹೇಳಲಿಲ್ಲ, ಕುಳಿತುಕೋ ಎಂದೂ ಹೇಳಲಿಲ್ಲ.

ಹುಡುಗಿಯನ್ನು ಮೇಲೆ ಕರೆದುಕೊಂಡು ಹೋದೆ. ಅವಳ ಹೆಸರು ಕಾವ್ಯಾ. ತುಂಗಭದ್ರೆಯ ದಂಡೆಯ ಐರಣಿಯವಳು. ರಾಣೆಬೆನ್ನೂರಿನ ಹೊರಗಿನ ‘ಹೊಳೆದಂಡೆ ಬೀಜ ಸಂಶೋಧನಾ ಕೇಂದ್ರ’ದಲ್ಲಿ ಕಂಪ್ಯೂಟರಿಗೆ ಅಂಕಿ ತುಂಬುವ ಕೆಲಸ.

“ಅಲ್ಲಿ ಪುಷ್ಪಲತಾ ಮೇಡಮ್ಮಾರು ಅದಾರ್ರೀ, ವಿಜ್ಞಾನಿ” ಎಂದಳು. “ಎಲಿ ಮುಟುರು ರೋಗ ತಡಿಯೋ ಮೆಣಸಿನಗಿಡದ ಮ್ಯಾಲ ಆರು ವರ್ಷದಿಂದ ಕೆಲಸ ಮಾಡಾಕತ್ಯಾರ. ಬ್ಯಾಡಗಿ ಹೊಲದಿಂದ ದಿನಾ ಸಂಜಿಕೆ ಫೋನಿನ ಲೈನಿನ್ಯಾಗ ಅಂಕಿ ಬರ್ತಾವ. ಬಂದದ್ದನ್ನ ಯಂತ್ರ ತಾನ ಹಳೇ ಫೈಲಿಗೆ ಸೇರಿಸ್ತೈತಿ. ದಸಮಿ ದಿನ ಮುಂಜಾನೆ ನಾ ಫೈಲು ತಗದೆ. ಆರು ವರ್ಷದ ಅಂಕಿ ಇಲ್ಲ! ಹಿಂದಿನ ದಿನದ್ದ ಒಂದ ಸಾಲು ಕುಂತಿತ್ತು.”

“ನೀನ ಅಳಿಸೀದಿ ಅಂತ ಅವರಂಬೋಣ?” ನೀಲಗಂಗವ್ವ ಕೇಳಿದರು.

“ಹೌದ್ರಿ. ಕಡೀಕ ಫೈಲು ಮುಟ್ಟಿದಾಕಿ ನಾನ ಅಂತ ಯಂತ್ರದಾಗ ಐತಿ. ಒಂದು ಖಾಸಗಿ ಬೀಜದ ಕಂಪನಿಯವರು ನನಗ ಕೆಲಸ ಕೊಡ್ತೇವಿ ಅಂದಿದ್ರು, ನಾ ಒಲ್ಲೆ ಅಂದಿದ್ನಿ. ಮ್ಯಾನೇಜರ್ ಸಾಹೇಬ್ರು ಅದನ್ನ ಹಿಡಕೊಂಡಾರ. ಅಂಕಿ ಮಾರ್ಕೊಂಡು ಫೈಲು ಅಳಿಸ್ಯಾಳ ಅಂತ. ಸೋಮವಾರದೊಳಗ ತಪ್ಪೊಪ್ಪಿಗಿ ಬರದು ಕೆಲಸ ಬಿಡಬೇಕಂತ, ಇಲ್ಲಂದ್ರ ಪೊಲೀಸ್. ಊರಾಗ ಮಾತು ಹಬ್ಬೇತ್ರಿ. ಬಸ್ಸಿನ್ಯಾಗ ನನ್ನ ಬಾಜೂಕ ಯಾರೂ ಕುಂದ್ರವಲ್ರು.”

ಬಸ್ಸಿನ ಮಾತು ನನಗೆ ನಾಟಿತು. ತುಂಬಿದ ಬಸ್ಸಿನಲ್ಲಿ ಪಕ್ಕದ ಸೀಟು ಖಾಲಿ ಇರುವುದೆಂದರೆ ಏನೆಂದು ನನಗೆ ಗೊತ್ತು.

“ನವಮಿ ದಿನ ಏನೇನಾತು, ಸಣ್ಣದೂ ಬಿಡದಂಗ ಹೇಳು” ಎಂದರು ನೀಲಗಂಗವ್ವ.

“ಮುಂಜಾನೆ ಖಂಡೆ ಪೂಜಾ ಮಾಡಿದ್ವಿ. ಪ್ರತಿ ವರ್ಷ ಯಂತ್ರದ ಮೈಗಷ್ಟ ಕುಂಕುಮ ಹಚ್ತಿದ್ರು. ವಿದ್ಯಾ ಇರೋದು ತಟ್ಟಿ ಡಬ್ಬಿಯೊಳಗ ಅಲ್ಲೇನ್ರಿ? ಈ ಸಲ ನಾನೂ ಅಡಿಗಿ ಬಸವಣ್ಣೆವ್ವನೂ ಸೇರಿ ಡಬ್ಬಿ ಎಲ್ಲಾ ಯಂತ್ರದಿಂದ ಇಳಿಸಿ, ಮಣಿ ಮ್ಯಾಲ ಇಟ್ಟು, ಗಂಧ ಹಚ್ಚಿ ಪೂಜಾ ಮಾಡಿದ್ವಿ. ಪೂಜಾಕ್ಕ ಇಟ್ಟದ್ದು ಕದಲಿಸಬಾರದಲ್ರಿ, ದಸಮಿ ಮುಂಜಾನೆ ಎಲ್ಲಾರಕಿಂತ ಮೊದಲ ಬಂದು ನಾನ ತಿರುಗಿ ಏರಿಸಿದ್ನಿ. ಇದನ್ನ ಯಾರ ಮುಂದೂ ಅಂದಿಲ್ಲರಿ. ಕೇಳದ ಮುಟ್ಟಿದ್ದಕ್ಕ ಬೈತಾರಂತ.”

ತಟ್ಟೆ ಡಬ್ಬಿ ಎಂದರೆ ಆ ಹಳೆಯ ಯಂತ್ರದ ಡಿಸ್ಕು. ಆಮೇಲೆ ನೋಡಿದೆ: ಜೋಳದ ರೊಟ್ಟಿ ಒಟ್ಟಿದಂತೆ ಒಂದರ ಮೇಲೊಂದು ಕಂದು ತಟ್ಟೆಗಳು, ಮೇಲೆ ಪಾರದರ್ಶಕ ಮುಚ್ಚಳ. ಯಂತ್ರದ ಗೂಡಿನಲ್ಲಿ ಕೂಡಿಸಿದರೆ ಮಾತ್ರ ಅದರೊಳಗಿನದು ಯಂತ್ರಕ್ಕೆ ಸಿಗುತ್ತದೆ.

“ಪೂಜಾದಾಗ ಯಾರ್ಯಾರಿದ್ರು?”

“ನಾವಿಬ್ಬರು, ಪುಷ್ಪಲತಾ ಮೇಡಮ್ಮಾರು. ಅವರು ಹೊರಗ ನಿಂತು ಕೈ ಮುಗದು ಹೋದ್ರು. ಯಂತ್ರದ ಕ್ವಾಣಿ ನೋಡ್ಕೊಳ್ಳೋ ಸಿದ್ದಲಿಂಗೇಶ ಸರ್ ಕೀಲಿ ಕೊಟ್ಟು, ಮಧ್ಯಾಹ್ನ ಬಂದು ಕುಂದರ್ತೇನಿ ಅಂದ್ರು. ಪ್ರಸಾದ ತಗೊಂಡು ನಾವು ಬಾಗಿಲಾ ಮುಂದ ಮಾಡಿ ಹೋದ್ವಿ. ಮ್ಯಾನೇಜರ್ ಸಾಹೇಬ್ರು ರಜಾ ಇದ್ರು.”

“ಅಂಕಿ ಬಂದಾಗ ಯಂತ್ರ ಏನರ ಕೇಳಿತ್ತೇನು?”

“ನಾ ಇರಲಿಲ್ಲಲ್ರಿ. ದಸಮಿ ದಿನ ನಾ ತಗದಾಗಂತೂ ಏನೂ ಕೇಳಲಿಲ್ಲ.”

ನೀಲಗಂಗವ್ವ ಕೈಯಲ್ಲಿದ್ದ ಲೋಟ ಕೆಳಗಿಟ್ಟರು. “ನಾಳಿ ಆ ಯಂತ್ರ ನೋಡೂಣು” ಎಂದರು.

ಮರುದಿನ ನಾವು ರಾಣೆಬೆನ್ನೂರಿಗೆ ಹೋದೆವು. ನಾನು ಬಸ್ಸಿನಲ್ಲಿ ಎಂದಿನಂತೆ ಮಾತಾಡಿದೆ, ಅವರು ಎಂದಿನಂತೆ ಕಿಟಕಿ ನೋಡಿದರು.

ಕೇಂದ್ರದ ಮ್ಯಾನೇಜರ್ ವಿಜಯಮಹಾಂತೇಶ ನಮ್ಮನ್ನು ಕಂಡು ಮುಖ ಕಿವುಚಿದ. ಹೊಟ್ಟೆ ಮುಂದೆ, ಮಾತು ಅದಕ್ಕಿಂತ ಮುಂದೆ. ಪುಷ್ಪಲತಾ ಒತ್ತಾಯಿಸಿದ್ದರಿಂದ ಒಳಗೆ ಬಿಟ್ಟ.

“ನೋಡ್ರಿ, ಈ ಮುದಿ ಯಂತ್ರ ಮಾರಿ ಸಣ್ಣ ಕಂಪ್ಯೂಟರ್ ತರೂಣು ಅಂತ ಎರಡು ವರ್ಷದಿಂದ ಬಡಕೊಳ್ಳಾಕತ್ತೇನಿ” ಎಂದ. “ನಕಲು ತಗಿಯೋ ಟೇಪಿನ ಯಂತ್ರ ಕೆಟ್ಟು ವರ್ಷ ಆತು. ಮಾರೋ ಎಮ್ಮಿಗೆ ಯಾಕ ಹಿಂಡಿ ಅಂತ ನಾ ರಿಪೇರಿ ಮಾಡಿಸಲಿಲ್ಲ. ಈಗ ನೋಡ್ರಿ.” ಹೇಳುವಾಗ ಅವನಿಗೆ ದುಃಖವಾದಂತೆ ಕಾಣಲಿಲ್ಲ. ಕಳ್ಳ ಇವನೇ ಎಂದು ನಾನು ಅಲ್ಲೇ ತೀರ್ಮಾನಿಸಿದೆ.

ಯಂತ್ರದ ಕೋಣೆಯಲ್ಲಿ ಹಲ್ಲು ಕಟಕಟಿಸುವ ತಂಪು. ಸ್ವೆಟರ್ ಹಾಕಿಕೊಂಡು ಕುಳಿತಿದ್ದ ಸಿದ್ದಲಿಂಗೇಶ ಎದ್ದು ಕೈಮುಗಿದ. ನಲವತ್ತೇಳರ ಸಣಕಲು ಮನುಷ್ಯ. ತಲೆಗೂದಲು ಇದ್ದಿಲಿನಷ್ಟು ಕಪ್ಪು, ಬುಡದಲ್ಲಿ ಮಾತ್ರ ಅಕ್ಕಿನುಚ್ಚಿನಷ್ಟು ಬಿಳುಪು ಇಣುಕುತ್ತಿತ್ತು. ಈ ತಂಪುಪೆಟ್ಟಿಗೆಯಲ್ಲಿ ಯಾರಿಗೆ ತೋರಿಸಲು ಬಣ್ಣ ಬಳಿದುಕೊಂಡನಪ್ಪ ಎಂದು ನನಗೆ ಒಳಗೊಳಗೇ ನಗು ಬಂತು.

“ಇವರಿಗೇನು ಹೆಂಡ್ರ ಮಕ್ಕಳ ಕಾಟ ಇಲ್ಲ” ಎಂದು ಮ್ಯಾನೇಜರ್ ಅವನ ಬೆನ್ನು ತಟ್ಟಿದ. “ಹಬ್ಬ ಹುಣ್ಣಿಮಿ ಅಂದ್ರ ಇವರದ ಡ್ಯೂಟಿ. ನಾವೆಲ್ಲಾ ಮನೀಗೆ, ಇವರು ಯಂತ್ರದ ಕೂಡ!”

ಸಿದ್ದಲಿಂಗೇಶ ನಕ್ಕ. ಅಂಥ ನಗು ನಾನೂ ನಕ್ಕಿದ್ದೇನೆ; ಬಸ್ ನಿಲ್ದಾಣದಲ್ಲಿ ದೀಪಾವಳಿ ಪಾಳಿ ಯಾವಾಗಲೂ ನನ್ನದೇ ಇರುತ್ತಿತ್ತು.

“ನವಮಿ ದಿನ ನೀವು ಇಲ್ಲೇ ಇದ್ರಿ?” ನೀಲಗಂಗವ್ವ ಕೇಳಿದರು.

“ಮಧ್ಯಾಹ್ನದಿಂದ ಕತ್ತಲಾಗೋ ತನಕ ಇಲ್ಲೇ ಇದ್ನಿರಿ.”

“ಪೂಜಾ ಚೆಂದ ಆಗಿತ್ತಂತ. ಏನೇನಿಟ್ಟಿದ್ರು?”

“ಯಾವಾಗಿನಂಗರಿ. ಬಾಳಿದಿಂಡು, ಕಾಯಿ, ಯಂತ್ರದ ಮೈಗೆ ಕುಂಕುಮ. ಬಸವಣ್ಣೆವ್ವ ಬುತ್ತಿ ಇಟ್ಟುಹೋಗಿದ್ಲು. ಹೋಳಗಿ ಉಂಡು, ಇಲ್ಲೇ ಕುಂತಿದ್ನಿ.”

“ಫೈಲು ಏನಾಗಿರಬೇಕು, ನಿಮ್ಮ ಲೆಕ್ಕದಾಗ?”

ಅವನು ನೆಲ ನೋಡಿದ. “ಹಳೇದರ ಮ್ಯಾಲ ಹೊಸಾದು ಬರದೈತಿ. ಸೇರಿಸೋ ಬದಲು ಅಳಿಸಿ ಬರದೈತಿ. ಡಬ್ಬಿ ಗೂಡಿನ್ಯಾಗ ಇತ್ತಲ್ರಿ, ಬರೀತು. ಆರು ವರ್ಷದ್ದು ಹೋತು. ಇನ್ನ ಹುಡುಕಿ ಫಾಯಿದೆ ಇಲ್ಲ.”

“ಹುಡುಕೀರೇನು?”

“ಏನು ಹುಡುಕೋದ್ರಿ, ಹೋದದ್ದನ್ನ?”

ನೀಲಗಂಗವ್ವ ಪುಷ್ಪಲತಾರ ಕಡೆ ತಿರುಗಿ, ಎಂದೂ ಇಲ್ಲದ ಯಾವುದಾದರೂ ಹೆಸರಿನ ಫೈಲನ್ನು ಸಂಖ್ಯಾಶಾಸ್ತ್ರದ ಸಾಫ್ಟ್‌ವೇರಿನಲ್ಲಿ ತೆರೆಯಲು ಹೇಳಿದರು. ಪುಷ್ಪಲತಾ ‘ಬದನೆ’ ಎಂದು ಕೊಟ್ಟರು. ತೆರೆ ಮಿನುಗಿತು, ಖಾಲಿ ಫೈಲೊಂದು ಸುಮ್ಮನೆ ತೆರೆದುಕೊಂಡಿತು.

“ಅರೆ!” ಎಂದರು ಪುಷ್ಪಲತಾ. “ಮೊದಲ ಹಿಂಗಿರಲಿಲ್ಲಲ್ಲ? ಇಲ್ಲದ ಫೈಲು ಕೇಳಿದ್ರ ಗಂಟಿ ಬಾರಿಸಿ, ‘ಇದು ಸಿಗವಲ್ದು, ಹೊಸಾದು ಮಾಡಲೇನು?’ ಅಂತ ಕೇಳ್ತಿತ್ತು. ಉತ್ತರ ಕೊಡೂ ತನಕ ಮುಂದ ಹೋಗ್ತಿರಲಿಲ್ಲ.”

“ಆ ಕೇಳೂದನ್ನ ಬಂದ್ ಮಾಡಾಕ ಬರ್ತೈತಿ” ಎಂದರು ನೀಲಗಂಗವ್ವ. “ಫೈಲುಗಳ ಕೂಡ ಹ್ಯಾಂಗ ನಡಕೋಬೇಕು ಅನ್ನೂದಕ್ಕ ಈ ಸಾಫ್ಟ್‌ವೇರಿಗೆ ಕೆಲವು ಆಯ್ಕೆ ಇರ್ತಾವ. ಸಿಗದಿದ್ರ ಕೇಳಬೇಕೋ ಬ್ಯಾಡೋ, ಹಳೇದಕ್ಕ ಸೇರಿಸಬೇಕೋ ಅಳಿಸಿ ಬರೀಬೇಕೋ. ಅವನ್ನ ಬದಲಿಸೋ ಗುಪ್ತಪದ ಯಾರ್ಯಾರ ಹಂತೇಕ ಐತಿ?”

“ನಾನು, ಮತ್ತ ಸಿದ್ದಲಿಂಗೇಶ” ಎಂದ ಮ್ಯಾನೇಜರ್. “ಆದ್ರ ನನಗ ಅದನ್ನ ಬಳಸಾಕ ಬರಂಗಿಲ್ಲ!”

ಬರುವುದಿಲ್ಲ ಎನ್ನುವವರಿಗೇ ಎಲ್ಲ ಬರುತ್ತದೆ ಎಂದು ನಾನು ನೀಲಗಂಗವ್ವನ ಕಿವಿಯಲ್ಲಿ ಹೇಳಿದೆ. ಅವರು ಕೇಳಿಸಿಕೊಂಡಂತೆ ಕಾಣಲಿಲ್ಲ. ಗೂಡಿನಲ್ಲಿದ್ದ ಡಬ್ಬಿಯೊಂದರ ಮುಚ್ಚಳದ ಮೇಲೆ ಒಣಗಿದ ಗಂಧದ ಬೊಟ್ಟನ್ನು ಬೆರಳಿನಿಂದ ಮುಟ್ಟಿ ನೋಡುತ್ತಿದ್ದರು. “ಶನಿವಾರದ ತನಕ ಈ ಡಬ್ಬಿಗಳ ಮ್ಯಾಲ ಯಾರೂ ಏನೂ ಬರೀಬಾರದು” ಎಂದು ಪುಷ್ಪಲತಾರಿಂದ ಮಾತು ತೆಗೆದುಕೊಂಡರು.

ಹೊರಬರುವಾಗ ಅಡುಗೆಮನೆಯ ಕಟ್ಟೆಯ ಮೇಲೆ ಬಸವಣ್ಣೆವ್ವ ಅವರೆಕಾಯಿ ಬಿಡಿಸುತ್ತಿದ್ದಳು.

“ಹಬ್ಬಕ್ಕ ಹೋಳಗಿ ಮಾಡಿದ್ದಿಯಂತಲ್ಲ ಬಸವಣ್ಣೆವ್ವ” ಎಂದರು ನೀಲಗಂಗವ್ವ.

“ಎಲ್ಲೀ ಹೋಳಗಿ ತಗೀರಿ! ಪ್ರತಿ ವರ್ಷ ಮಾಡ್ತಿದ್ನಿ, ಈ ಸಲ ಕೈ ಉಳುಕಿತ್ತು, ಲಟ್ಟಸಾಕ ಆಗಲಿಲ್ಲ. ಕರಿಗಡಬು ಮಾಡಿ ಸಿದ್ದಲಿಂಗೇಶಪ್ಪಗ ಒಂದು ಡಬ್ಬಿ ಇಟ್ಟು ಬಂದಿದ್ನಿ. ಪಾಪ, ತೊಳದು ಇಟ್ಟಿದ್ದ. ಒಬ್ಬನ ಮನಷ್ಯಾ, ಹಬ್ಬಕ್ಕ ನಾವರ ನೆನಸಬೇಕಲ್ರಿ.”

ಅಲ್ಲಿಂದ ಬ್ಯಾಡಗಿಗೆ. ಊರು ಹೊಕ್ಕ ಕೂಡಲೇ ಗೋದಾಮುಗಳ ಘಾಟಿಗೆ ನಾನು ಸೀನತೊಡಗಿದೆ. ಸುಗ್ಗಿ ಬಹಳ ದೂರವಿದ್ದರೂ ಆ ಊರಿನ ಗಾಳಿಗೆ ಮೆಣಸಿನಕಾಯಿಯ ನೆನಪು ಹೋಗುವುದಿಲ್ಲ. ಪ್ರಯೋಗದ ಹೊಲ ಊರಾಚೆ ಇತ್ತು. ನೋಡಿಕೊಳ್ಳುವ ಹನುಮಪ್ಪ ಬಿಳಿ ಹೂ ಬಿಟ್ಟ ಗಿಡಗಳ ನಡುವೆ ಒಬ್ಬನೇ ನಿಂತಿದ್ದ. ಸುತ್ತ ಕಣ್ಣು ಹಾಯುವಷ್ಟು ದೂರ ಇನ್ನೊಂದು ಮನುಷ್ಯಪ್ರಾಣಿ ಇರಲಿಲ್ಲ. ನಮ್ಮನ್ನು ಕಂಡು ಅವನಿಗಾದ ಸಂತೋಷ ನೋಡಿ ನನಗೇ ಸಂಕಟವಾಯಿತು.

“ನವಮಿ ಸಂಜಿಗೂ ಅಂಕಿ ಕಳಿಸಿದ್ನಿರಿ” ಎಂದ. “ರೋಗಕ್ಕ ಹಬ್ಬ ಇಲ್ಲಲ್ರಿ. ಯಂತ್ರ ತಗೊಂತು. ತಡದು ನಿಲ್ಲಲೂ ಇಲ್ಲ.”

“ಸಿದ್ದಲಿಂಗೇಶರ ಕೂಡ ಮಾತಾಡಿದ್ರೇನು?”

“ದಿನಾ ಅಂಕಿ ಕಳಿಸಿದ ಮ್ಯಾಲ ಫೋನ್ ಹಚ್ಚತೇನ್ರಿ. ಮುಟ್ಟಿದ್ವು ಅಂತಾರ, ಆಮ್ಯಾಲ ಎರಡು ಮಾತು. ಏನಿಲ್ಲ, ಊಟಾ ಆತೇನು, ಅಲ್ಲಿ ಮಳಿ ಐತೇನು, ಅಷ್ಟ. ಅವರಿಗೂ ನಾನ, ನನಗೂ ಅವರ. ಅವತ್ತ ಎಷ್ಟ ಸಲ ಹಚ್ಚಿದ್ರೂ ಎತ್ತಲಿಲ್ಲ.” ಗಿಡದ ಎಲೆಯೊಂದನ್ನು ತಿರುವಿ ನೋಡುತ್ತ, “ಅವತ್ತಿಂದ ಎತ್ತಿದ್ರೂ ಮಾತಿಲ್ಲರಿ. ಮುಟ್ಟಿದ್ವು ಅಂತಾರ, ಇಟ್ಟಬಿಡ್ತಾರ. ನಾ ಏನರ ತಪ್ಪ ಮಾತಾಡಿದ್ನೇನೋ” ಎಂದ.

ಹಾವೇರಿಯ ಬಸ್ಸಿನಲ್ಲಿ ನೀಲಗಂಗವ್ವ ಕಿಟಕಿಗೆ ತಲೆ ಆನಿಸಿ ಕುಳಿತರು. “ಗೊತ್ತಾತೇನ್ರಿ?” ಎಂದು ಕೇಳಿದೆ. “ಆತು” ಎಂದರು. “ಗೊತ್ತಾಗಬಾರದಿತ್ತು ಅನಸ್ತೈತಿ.”

ಶನಿವಾರ ಮುಂಜಾನೆ ಯಂತ್ರದ ಕೋಣೆಯಲ್ಲಿ ಎಲ್ಲರೂ ಸೇರಿದೆವು. ಹನುಮಪ್ಪನನ್ನೂ ಬ್ಯಾಡಗಿಯಿಂದ ಕರೆಸಿದ್ದರು. ಅವನು ಸಿದ್ದಲಿಂಗೇಶನ ಪಕ್ಕದಲ್ಲಿ ಕುಳಿತು, ಇಷ್ಟು ವರ್ಷ ಬರೀ ದನಿಯಾಗಿದ್ದವನ ಮುಖವನ್ನು ಕದ್ದು ಕದ್ದು ನೋಡುತ್ತಿದ್ದ. ಮ್ಯಾನೇಜರನ ಮುಂದೆ ತಪ್ಪೊಪ್ಪಿಗೆಯ ಕಾಗದ ಸಿದ್ಧವಾಗಿತ್ತು, ಕಾವ್ಯಾಳ ಸಹಿ ಒಂದೇ ಬಾಕಿ. ಅವಳು ಬಾಗಿಲ ಬಳಿ, ಓಡಿಹೋಗಲು ನಿಂತವಳಂತೆ ನಿಂತಿದ್ದಳು.

“ಮೊದಲು ಎಲ್ಲಾರೂ ನಂಬಿದ ಮಾತು ನೋಡೂಣು” ಎಂದು ನೀಲಗಂಗವ್ವ ಶುರು ಮಾಡಿದರು. “ಹಳೇದರ ಮ್ಯಾಲ ಹೊಸಾದು ಬರದು ಆರು ವರ್ಷದ ಅಂಕಿ ಅಳಿಸಿ ಹೋತು ಅಂತ. ಬರೀಬೇಕಂದ್ರ ಡಬ್ಬಿ ಗೂಡಿನ್ಯಾಗ ಇರಬೇಕು. ಕಾವ್ಯಾ, ನವಮಿ ಸಂಜಿಕೆ ಡಬ್ಬಿ ಎಲ್ಲಿತ್ತವ್ವ?”

ಕಾವ್ಯಾ ಬೆವರಿದಳು. ಆ ತಂಪಿನಲ್ಲೂ! “ಮಣಿ ಮ್ಯಾಲರಿ. ಪೂಜಾದಾಗ.”

“ಏನು!” ಮ್ಯಾನೇಜರ್ ಎದ್ದು ನಿಂತ. “ಯಾರನ್ನ ಕೇಳಿ ಇಳಿಸಿದಿ?”

“ಆಕಿ ಕೇಳದ ಇಳಿಸಿದ್ದ ನಿಮ್ಮ ಪುಣ್ಯ. ಕುಂದ್ರಿ” ಎಂದರು ನೀಲಗಂಗವ್ವ. ಅವನು ಕುಳಿತ. “ಯಂತ್ರದ ಕೈಗೆ ಸಿಗದ ಡಬ್ಬಿ ಮ್ಯಾಲ ಯಂತ್ರ ಹ್ಯಾಂಗ ಅಳಸ್ತೈತಿ? ಸಂಜಿಕೆ ಬ್ಯಾಡಗಿ ಅಂಕಿ ಬಂತು. ಯಂತ್ರ ಫೈಲು ಹುಡುಕಿತು, ಸಿಗಲಿಲ್ಲ. ಆವಾಗ ಅದು ಗಂಟಿ ಬಾರಿಸಿ ಕೇಳಬೇಕಿತ್ತು. ಕೇಳೂದು ಬಂದ್ ಇತ್ತು. ಅದಕ್ಕ ಒಳಗ ಇರೋ ಕಾಯಂ ಡಿಸ್ಕಿನ ಮ್ಯಾಲ, ಅದ ಹೆಸರಿನ ಹೊಸಾ ಫೈಲು ಮಾಡಿ ಒಂದು ಸಾಲು ಬರದು ಸುಮ್ಮನಾತು.”

“ಹಂಗಾದ್ರ ಹಳೇದು?” ಪುಷ್ಪಲತಾ ಮುಂದೆ ಬಾಗಿ ಕೇಳಿದರು.

“ಈ ಯಂತ್ರಕ್ಕ ಒಬ್ಬ ಪೋಸ್ಟಮನ್ ಅದಾನ ಅನ್ಕೊಳ್ರಿ. ಹೆಸರು ಹೇಳಿದ್ರ ಮನಿ ತೋರಸ್ತಾನ. ಒಂದ ಹೆಸರಿನವರು ಇಬ್ಬರಾದ್ರ, ಹೊಸಾಗಿ ಬಂದವನ ಮನಿ ಅಷ್ಟ ಅವನಿಗೆ ನೆನಪು. ಹಳೇಯಾಂವ ತನ್ನ ಮನ್ಯಾಗ ಇದ್ದ ಇರ್ತಾನ, ಯಾರೂ ಬಾಗಿಲಾ ಬಡಿಯಂಗಿಲ್ಲ.” ಹೇಳಿ ಅವರು ಪುಷ್ಪಲತಾರ ಕಡೆ ತಿರುಗಿದರು. “ಪೋಸ್ಟಮನ್ನಗ ಕೇಳಬ್ಯಾಡ್ರಿ. ಹೆಸರಿನ ಜೋಡಿ ಡಬ್ಬಿ ನಂಬರನ್ನೂ ನೀವ ಕೊಡ್ರಿ. ಗಂಧ ಹಚ್ಚಿದ ಡಬ್ಬಿ. ಕಾವ್ಯಾ, ನೀ ಕೂಡು ಕೀಬೋರ್ಡಿಗೆ.”

ಕಾವ್ಯಾಳ ಬೆರಳು ಎರಡು ಸಲ ತಪ್ಪಿದವು. ಮೂರನೆಯ ಸಲ ತೆರೆಯ ಮೇಲೆ ಹಸಿರು ಅಂಕಿಗಳು ಏರತೊಡಗಿದವು. ಸಾಲಿನ ಮೇಲೆ ಸಾಲು, ಹೊಲದ ಮೇಲೆ ಹೊಲ, ವರ್ಷದ ಮೇಲೆ ವರ್ಷ. ಪುಷ್ಪಲತಾ ಬಾಯಿಗೆ ಸೆರಗು ಹಿಡಿದರು. ಕಾವ್ಯಾ ಕುರ್ಚಿಯಲ್ಲೇ ಮುಖ ಮುಚ್ಚಿಕೊಂಡು ಜೋರಾಗಿ ಅತ್ತಳು. ನನ್ನ ಕಣ್ಣೂ ತೇವವಾದವು. ಬ್ಯಾಡಗಿಯ ಘಾಟು ಎಂದು ಹೇಳೋಣವೆಂದರೆ ನಾವು ಇದ್ದದ್ದು ರಾಣೆಬೆನ್ನೂರಿನಲ್ಲಿ.

ಮ್ಯಾನೇಜರ್ ಕಾಗದವನ್ನು ಮೆಲ್ಲಗೆ ಮಡಚಿ ಕಿಸೆಗೆ ಹಾಕಿಕೊಂಡ. “ಸಿಕ್ತಲ್ಲ, ಮುಗೀತು ಬಿಡ್ರಿ” ಎಂದ.

“ಮುಗದಿಲ್ಲ” ಎಂದರು ನೀಲಗಂಗವ್ವ. “ಒಂದು ಹುಡುಗಿ ಹೆಸರು ಬೀದ್ಯಾಗ ಬಿದ್ದೈತಿ. ಕೇಳೂದನ್ನ ಬಂದ್ ಮಾಡಿದವರು ಯಾರು ಅಂತ ಗೊತ್ತಾಗೂ ತನಕ ಅದು ಏಳಂಗಿಲ್ಲ. ಗುಪ್ತಪದ ಇಬ್ಬರ ಹಂತೇಕ ಐತಿ. ಮಾಲತೇಶಪ್ಪಾರು ನಿಮ್ಮ ಮ್ಯಾಲ ಭಾಳ ನಂಬಿಕಿ ಇಟ್ಟಾರ, ಮ್ಯಾನೇಜರ್ ಸಾಹೇಬ್ರ.” ಎಲ್ಲರೂ ನನ್ನ ಕಡೆ ನೋಡಿದರು. ನಾನು ಛಾವಣಿ ನೋಡಿದೆ. “ಆದ್ರ ವಿಚಾರ ಮಾಡ್ರಿ. ಫೈಲು ಹಾಳು ಮಾಡಬೇಕು ಅನ್ನಾಂವ ಸೀದಾ ಅಳಸ್ತಾನ. ಅದು ಕೇಳಿದ್ರ ಹೂಂ ಅಂತಾನ, ಮುಗೀತು. ಕೇಳೂದನ್ನ ಬಂದ್ ಮಾಡಾಕ ಹೋಗಂಗಿಲ್ಲ. ‘ನನ್ನ ಏನೂ ಕೇಳಬ್ಯಾಡ, ನೀನ ಮಾಡ್ಕೋ’ ಅಂತ ಯಾರು ಹೇಳ್ತಾರ? ಉತ್ತರ ಕೊಡಾಕ ಇರಬೇಕಾಗಿದ್ದು, ಇರದಾಂವ.”

 ನೀಲಗಂಗವ್ವ ಸಿದ್ದಲಿಂಗೇಶನ ಎದುರು ಕುರ್ಚಿ ಎಳೆದುಕೊಂಡು ಕುಳಿತರು. ದನಿ ಇನ್ನೂ ತಗ್ಗಿಸಿದರು.

“ಮಧ್ಯಾಹ್ನದಿಂದ ಇಲ್ಲೇ ಇದ್ನಿ ಅಂದ್ರಿ. ಇದ್ದಿದ್ರ ಯಂತ್ರದ ಮುಂದ ಮಣಿ ಮ್ಯಾಲ ಸಾಲಾಗಿ ಕುಂತ ಡಬ್ಬಿ ಕಾಣತಿದ್ವು. ನೀವು ಹೇಳಿದ್ದು ಬಾಳಿದಿಂಡು, ಕಾಯಿ. ಪ್ರತಿ ವರ್ಷದ ಪೂಜಾ ಹೇಳಿದ್ರಿ, ಈ ವರ್ಷದ್ದು ನಿಮಗ ಗೊತ್ತಿರಲಿಲ್ಲ. ಹೋಳಗಿ ಉಂಡ್ನಿ ಅಂದ್ರಿ, ಈ ಸಲ ಬುತ್ತ್ಯಾಗ ಇದ್ದದ್ದು ಕರಿಗಡಬು. ಹನುಮಪ್ಪ ಅಷ್ಟ ಸಲ ಫೋನ್ ಹಚ್ಚಿದ್ರೂ ಎತ್ತಾಕ ಯಾರೂ ಇರಲಿಲ್ಲ. ಹಳೇದು ಅಳಿಸಿ ಹೋತು ಅಂತ ನಿಮ್ಮಷ್ಟು ಖಾತ್ರಿ ಯಾರಿಗೂ ಇರಲಿಲ್ಲ, ಯಾಕಂದ್ರ ಅವತ್ತ ಮುಂಜಾನೆ ಅವಸರದಾಗ ಆಯ್ಕೆ ಬದಲಿಸಿದ ಕೈ ನಿಮ್ಮದು. ಸೇರಿಸು ಅನ್ನೋ ಕಡೆ ಅಳಸು ಅಂತ ಕೊಟ್ಟೇನಿ ಅಂದ್ಕೊಂಡ್ರಿ. ತಾನ ಕೊಂದೇನಿ ಅಂದ್ಕೊಂಡಾಂವ, ಉಸಿರು ಐತೇನು ಅಂತ ಮೂಗಿಗೆ ಬೆರಳು ಹಿಡದು ನೋಡಲಿಲ್ಲ. ನೋಡಿದ್ರ ನಿಮಗ ಒಂದು ಗಳಿಗಿ ಕೆಲಸ.”

ಸಿದ್ದಲಿಂಗೇಶ ಸ್ವೆಟರಿನ ತೋಳನ್ನು ಬೆರಳ ತುದಿಯ ತನಕ ಎಳೆದುಕೊಂಡ.

“ಎಲ್ಲಿ ಹೋಗಿದ್ರಿ ಅಂತ ನಾ ಕೇಳಂಗಿಲ್ಲ” ಎಂದರು ನೀಲಗಂಗವ್ವ. “ಅದು ನಿಮಗ ಬಿಟ್ಟದ್ದು.”

“ಇಲ್ಲರಿ, ಹೇಳ್ತೇನಿ” ಎಂದ ಅವನು. “ಆ ಹುಡುಗಿ ಅಷ್ಟು ಜನರ ಮುಂದ ನಾಚಿಕಿ ಉಂಡಾಳ. ನನಗ್ಯಾಕ ಮುಚ್ಚುಮರಿ? ಗುತ್ತಲಕ್ಕ ಹೋಗಿದ್ನಿರಿ. ಹೆಣ್ಣು ನೋಡಾಕ.”

ಮ್ಯಾನೇಜರ್ ಫಕ್ಕನೆ ನಕ್ಕುಬಿಟ್ಟ. “ಈ ವಯಸ್ಸಿನ್ಯಾಗ?”

“ಬಾಯಿ ಮುಚ್ಚರಿ ಸಾಹೇಬ್ರ!” ಎಂದು ಬಾಗಿಲಿನಿಂದ ಬಸವಣ್ಣೆವ್ವ ಗದರಿದಳು. ಮುಚ್ಚಿದ.

“ನಗ್ತಾರ ಅಂತನ ಹೇಳಲಿಲ್ಲರಿ” ಎಂದ ಸಿದ್ದಲಿಂಗೇಶ. “ಗಂಡ ಸತ್ತಾಕಿ, ಸಾಲಿ ಟೀಚರು. ನವಮಿ ದಿನ ಬರ್ರಿ ಅಂದಿದ್ರು. ತಲಿಗೆ ಬಣ್ಣ ಹಚ್ಕೊಂಡು, ಹೊಸಾ ಅಂಗಿ ತೊಟ್ಟು ಹೋದೆ. ಅಂಕಿ ತಪ್ಪಬಾರದು, ಯಂತ್ರ ನಡುವ ಕೇಳಿ ನಿಲ್ಲಬಾರದು ಅಂತ ಕೇಳೂದು ಬಂದ್ ಮಾಡಿದ್ನಿ. ಒಂದ ದಿನದ ಮಾತು ಅಂತ. ಅವರು ಅವಲಕ್ಕಿ ಕೊಟ್ರು. ಆಕಿ ಒಳಗಿಂದ ಹೊರಗ ಬರಲೇ ಇಲ್ಲರಿ. ಅವರಣ್ಣ ಬಂದು, ನಿಮಗ ವಯಸ್ಸು ಭಾಳ ಆತು ಅಂದ. ತಿರುಗಿ ಬಂದಾಗ ಕತ್ತಲಾಗಿತ್ತು. ಈ ಕ್ವಾಣಿಗೆ ಬರಾಕ ಮನಸ್ಸಾಗಲಿಲ್ಲ. ಬುತ್ತಿ ಬಾಗಿಲದಾಗಿತ್ತು, ಒಯ್ದು ದನಕ್ಕ ಸುರುವಿದೆ. ಕಣ್ಣಾಗ ನೀರಿದ್ವು, ಹೋಳಗಿನೋ ಕಡಬೋ ನೋಡಲಿಲ್ಲ.”

ಬಸವಣ್ಣೆವ್ವ ಸೆರಗಿನಿಂದ ಕಣ್ಣು ಒತ್ತಿಕೊಂಡಳು. ನನಗೆ ಅವನ ಕೂದಲ ಬುಡದ ಬಿಳುಪನ್ನು ನೋಡುವ ಧೈರ್ಯವಾಗಲಿಲ್ಲ.

“ದಸಮಿ ಮುಂಜಾನೆ ಫೈಲು ನೋಡಿ ಎದಿ ಒಡದಂಗಾತು. ಹೇಳಬೇಕಂದ್ರ ಎಲ್ಲಿ ಹೋಗಿದ್ದಿ ಅಂತ ಕೇಳ್ತಾರ. ಅದನ್ನ ಹೇಳಿ, ಅವರು ಒಲ್ಲೆ ಅಂದದ್ದನ್ನೂ ಹೇಳಿ… ಆಗಲಿಲ್ಲರಿ. ಇವತ್ತ ಹೇಳೂಣು, ನಾಳಿ ಹೇಳೂಣು ಅಂತ ಈ ಕೂಸಿನ ಕುತ್ತಿಗೀಗೆ ತಂದೆ.” ಅವನು ಎದ್ದು ಕಾವ್ಯಾಳ ಮುಂದೆ ಕೈಮುಗಿದು ನಿಂತ. “ತಪ್ಪಾತವ್ವ. ಐರಣಿಗೆ ನಿನ್ನ ಬಸ್ಸಿನ್ಯಾಗ ನಾನ ಬರ್ತೇನಿ. ಎಲ್ಲಾರ ಮುಂದ ಹೇಳ್ತೇನಿ.”

ಕಾವ್ಯಾ ಕಣ್ಣು ಒರೆಸಿಕೊಂಡು ಎದ್ದು ನಿಂತಳು. ಬೈಯುತ್ತಾಳೆ ಎಂದುಕೊಂಡೆ, ಬೈಯುವ ಹಕ್ಕೂ ಅವಳಿಗಿತ್ತು.

“ಸರ್, ಒಂದು ಮಾತು ಕೇಳಿದ್ರ ಅವತ್ತ ನಾನ ಇಲ್ಲಿ ಕುಂದರ್ತಿದ್ನಲ್ರಿ” ಎಂದಳು. “ಯಾಕ ಕೇಳಲಿಲ್ಲ?”

 ಹನುಮಪ್ಪ ಎದ್ದು ಬಂದು ಸಿದ್ದಲಿಂಗೇಶನ ಕೈ ಹಿಡಿದು ಹೊರಗೆ ಕರೆದುಕೊಂಡು ಹೋದ. ಬಾಗಿಲು ದಾಟುವಾಗ “ಊಟಾ ಆಗೇತೇನ್ರಿ?” ಎಂದು ಕೇಳಿದ್ದು ಕೇಳಿಸಿತು.

ಮ್ಯಾನೇಜರ್ ಏನೇನೋ ನಿಯಮ, ಶಿಸ್ತು ಎಂದ. ಪುಷ್ಪಲತಾ ಅವನ ಕಿಸೆಯಿಂದ ತಪ್ಪೊಪ್ಪಿಗೆಯ ಕಾಗದ ಇಸಿದುಕೊಂಡು ಹರಿದು ಹಾಕಿದರು. ಟೇಪಿನ ಯಂತ್ರ ರಿಪೇರಿ ಆಗುವ ತನಕ ತಾನು ಯಾವ ವರದಿಗೂ ಸಹಿ ಮಾಡುವುದಿಲ್ಲ ಎಂದೂ, ಮುಂದಿನ ಹಬ್ಬದ ಪಾಳಿ ಮ್ಯಾನೇಜರರದು ಎಂದೂ ಹೇಳಿದರು. ಕಾವ್ಯಾ ಕೀಬೋರ್ಡಿಗೆ ಕುಳಿತು, ನೀಲಗಂಗವ್ವ ಹೇಳಿದಂತೆ ಆಯ್ಕೆಯನ್ನು ಮೊದಲಿನಂತೆ ಮಾಡಿದಳು. ಪರೀಕ್ಷೆಗೆಂದು ಇಲ್ಲದ ಹೆಸರೊಂದನ್ನು ಕೊಟ್ಟಾಗ ಯಂತ್ರ ಗಂಟೆ ಬಾರಿಸಿ ಕೇಳಿತು. ಇಷ್ಟು ಹಿತವಾದ ಗಂಟೆಯನ್ನು ನಾನು ಗುಡಿಯಲ್ಲೂ ಕೇಳಿರಲಿಲ್ಲ.

ಸಂಜೆ ಹಾವೇರಿಯ ಬಸ್ಸಿನಲ್ಲಿ ನಾನು ಒಂದು ಮಾತೂ ಆಡಲಿಲ್ಲ. ನೀಲಗಂಗವ್ವನೇ ತಿರುಗಿ, “ಯಾಕ, ಮೈಯಾಗ ಆರಾಮಿಲ್ಲೇನ್ರಿ?” ಎಂದರು. ಆರಾಮಿದ್ದೇನೆ ಎಂದೆ. ಐದು ವರ್ಷ ಒಂದೇ ಮನೆಯಲ್ಲಿ, ಕೆಳಗೆ ಒಂದು ಒಲೆ, ಮೇಲೆ ಒಂದು ಒಲೆ. ಅವರ ಕುಕ್ಕರಿನ ಸೀಟಿ ಕೇಳಿ ನಾನು ಊಟಕ್ಕೆ ಕೂಡುತ್ತಿದ್ದೆ. ಜೊತೆಗೆ ಉಂಡಂತೆ ಅನ್ನಿಸಲಿ ಎಂದು. ಅದನ್ನು ಯಾರಿಗೂ ಹೇಳಿರಲಿಲ್ಲ.

ಮನೆ ಮುಟ್ಟಿದೆವು. ಅವರು ಮೆಟ್ಟಿಲು ಹತ್ತತೊಡಗಿದರು. ನಡುವಿನ ಮೆಟ್ಟಿಲಿಗೆ ಹೋದಾಗ ನನ್ನ ಗಂಟಲು ತನ್ನಿಂದ ತಾನೇ ತೆರೆಯಿತು. ಸಾವಿರ ಜನರ ಮುಂದೆ ಮೈಕಿನಲ್ಲಿ ಕೂಗಿದವನು, ಈಗ ಒಬ್ಬರನ್ನೇ ಕೂಗಿದೆ.

“ನೀಲಗಂಗವ್ವಾರ, ಇವತ್ತ ಊಟಕ್ಕ ಕೆಳಗ ಬರ್ತೀರೇನ್ರಿ? ರೊಟ್ಟಿ, ಬದ್ನಿಕಾಯಿ ಪಲ್ಯ. ಅಷ್ಟ.”

ಅವರು ನಿಂತರು. ತಿರುಗಿ ನೋಡಲಿಲ್ಲ.

“ಮುಂಜಾನಿ ಅನ್ನ ಉಳದೈತಿ. ಇವತ್ತ ಬ್ಯಾಡ್ರಿ” ಎಂದರು. ಎರಡು ಮೆಟ್ಟಿಲು ಹತ್ತಿ ಮತ್ತೆ ನಿಂತರು. “ನಾಳಿ ಕೇಳ್ರಿ.”

ಮೇಲಿನ ಬಾಗಿಲು ಮುಚ್ಚಿತು. ನಾನು ಒಬ್ಬನೇ ಉಂಡೆ. ಮರುದಿನ ಮುಂಜಾನೆ, ಚಹಾ ಕುಡಿಯುವ ಮೊದಲೇ, ಹೋಗಿ ಕೇಳಿದೆ.